ಡಿಶ್ಲಿಯಲ್ಲೊಂದು ಮಧ್ಯಾಹ್ನ

ನಾನು ಇಂಗ್ಲೆಂಡಿಗೆ ಬಂದು ಇಪ್ಪತ್ತೈದು ವರ್ಷಗಳಾಗಿವೆ. ಊರಿನಿಂದ ನೆಂಟರು ಬಂದರೆ ಎಲ್ಲೆಲ್ಲಿಗೆ ಕರೆದುಕೊಂಡು ಹೋಗಬೇಕೆಂಬ ಪಟ್ಟಿ ನಮ್ಮ ಮನೆಯಲ್ಲಿ ಸಿದ್ಧವಾಗಿಯೇ ಇರುತ್ತದೆ. ನಿಮ್ಮ ಮನೆಯಲ್ಲೂ ಇದ್ದೀತು. ಲಂಡನ್ನಿನ ಬಿಗ್ ಬೆನ್, ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ, ಸ್ಟ್ರಾಟ್‌ಫರ್ಡಿನಲ್ಲಿ ಶೇಕ್ಸ್‌ಪಿಯರ್ ಹುಟ್ಟಿದ ಮನೆ, ಲೇಕ್ ಡಿಸ್ಟ್ರಿಕ್ಟು, ಕೊನೆಗೆ ನಮ್ಮ ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯಲ್ಲಿ ಸೀರೆ ಅಂಗಡಿಗಳು. "ಇದಕ್ಕೆ ಇಲ್ಲೀತನಕ ಬರಬೇಕಿತ್ತಾ, ಚಿಕ್ಕಪೇಟೆಗೇ ಹೋಗಬಹುದಿತ್ತಲ್ಲ" ಎಂಬ ಮಾತು ಕೇಳಿಸಿಕೊಂಡ ಮೇಲೆ ಪ್ರವಾಸ ಮುಗಿದಂತೆ.

2024ರ ಆಗಸ್ಟಿನಲ್ಲಿ ನನ್ನ ತಂಗಿ ತನ್ನ ಮಗಳೊಂದಿಗೆ ಬಂದಿದ್ದಳು. ತಂಗಿ ಅಜ್ಜಂಪುರದ ಕಡೆಯ ಹಳ್ಳಿಯಲ್ಲಿ ತೋಟ, ಹೊಲ, ನಾಲ್ಕು ದನ ನೋಡಿಕೊಂಡು ಇರುವವಳು. ಮೂರು ದಿನ ಲಂಡನ್ ಸುತ್ತಿದ ಮೇಲೆ ಕಾಲು ನೀವಿಕೊಳ್ಳುತ್ತಾ ಹೇಳಿದಳು: "ಕಟ್ಟಡ ಎಷ್ಟು ಅಂತ ನೋಡೋದಣ್ಣ? ಇಲ್ಲಿ ರೈತರು ದನ ಕುರಿ ಹೆಂಗೆ ಸಾಕ್ತಾರೆ, ಅದನ್ನ ತೋರಿಸು."

ಹಾಗೆ ಕೇಳಿದಾಗ ನನಗೆ ನೆನಪಾದದ್ದು ಡಿಶ್ಲಿ. ಎಷ್ಟೋ ವರ್ಷಗಳ ಹಿಂದೆ ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದ ಒಬ್ಬ ಮುದುಕ ರೈತ, ರಕ್ತದೊತ್ತಡ ನೋಡಿಸಿಕೊಳ್ಳುತ್ತಾ, "ಡಾಕ್ಟರೇ, ಜಗತ್ತಿನ ಕುರಿಗಳೆಲ್ಲ ನಮ್ಮ ಲೆಸ್ಟರ್‌ಶೈರಿಗೆ ಋಣಿಯಾಗಿವೆ, ಗೊತ್ತೇ? ರಾಬರ್ಟ್ ಬೇಕ್‌ವೆಲ್ ಹೆಸರು ಕೇಳಿದ್ದೀರಾ?" ಎಂದಿದ್ದ. ನಾನು ಕೇಳಿದ್ದು ಬೇಕ್‌ವೆಲ್ ಟಾರ್ಟ್ ಮಾತ್ರ. ಅದು ಡರ್ಬಿಶೈರಿನ ಬೇಕ್‌ವೆಲ್ ಎಂಬ ಊರಿನ ತಿಂಡಿ. ಈ ಮನುಷ್ಯನಿಗೂ ಆ ತಿಂಡಿಗೂ ಸಂಬಂಧವಿಲ್ಲ. ಅಂದು ರಾತ್ರಿ ಮನೆಗೆ ಬಂದು ಪುಸ್ತಕ ತೆಗೆದು ಓದಿದೆ. ಓದಿದ್ದು ಕುರಿಯ ವಿಷಯವಾದರೂ, ಅದು ನನ್ನನ್ನು ನಮ್ಮ ಮನೆಯ ಒಂದು ಹಳೆಯ ಮದುವೆಗೆ ತಂದು ನಿಲ್ಲಿಸಿತು. ಆ ಕಾರಣಕ್ಕೋ ಏನೋ, ಹನ್ನೊಂದು ಮೈಲಿ ದೂರದ ಲಫ್‌ಬರಾದ ಆಚೆಗೇ ಇದ್ದ ಡಿಶ್ಲಿಗೆ ನಾನು ಅದುವರೆಗೂ ಹೋಗಿರಲಿಲ್ಲ.

ಒಂದು ಶನಿವಾರ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೊರಟೆವು. ಲಫ್‌ಬರಾ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದದ್ದು ನೋಡಿದರೆ ಅದನ್ನು ಹೀಗೆ ಉಚ್ಚರಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆಯಲ್ಲಿ ಹುಟ್ಟಿದ ನಮಗೆ ಇದೊಂದು ಶಿಕ್ಷೆ. ಗಂಟೆಗಳನ್ನು ಎರಕ ಹೊಯ್ಯುವ ಕಾರ್ಖಾನೆಗೆ ಹೆಸರಾದ ಊರು ಅದು. ಊರು ದಾಟಿ ಎ6 ರಸ್ತೆಯಲ್ಲಿ ಹ್ಯಾದರ್ನ್ ಕಡೆಗೆ ಸ್ವಲ್ಪ ಹೋದರೆ ಡಿಶ್ಲಿ ಗ್ರೇಂಜ್ ಎಂಬ ಫಾರ್ಮು. ಕಾರುಗಳು ಸುಯ್ಯೆಂದು ಓಡುವ ರಸ್ತೆಯ ಪಕ್ಕದಲ್ಲೇ ಇದೆ. ದಿನಾ ಆ ದಾರಿಯಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಎಷ್ಟು ಜನರಿಗೆ ಅದರ ಕಥೆ ಗೊತ್ತೋ ಕಾಣೆ.

ಅಲ್ಲಿ ನೋಡುವುದಕ್ಕೆ ಅಂಥದ್ದೇನೂ ಇಲ್ಲ. ಮರಗಳ ನಡುವೆ ಆಲ್ ಸೇಂಟ್ಸ್ ಎಂಬ ಪುಟ್ಟ ಚರ್ಚಿನ ಅವಶೇಷ. ಛಾವಣಿ ಇಲ್ಲದ ಗೋಡೆಗಳು. ಒಳಗೆ ಬೇಕ್‌ವೆಲ್‌ನ ಸಮಾಧಿ. ನ್ಯೂ ಡಿಶ್ಲಿ ಸೊಸೈಟಿ ಎಂಬ ಸಂಘವೊಂದು ಅವನ ನೆನಪನ್ನು ಉಳಿಸಿಕೊಂಡು ಬಂದಿದೆ. ಅದಿಲ್ಲದಿದ್ದರೆ ಇಷ್ಟೂ ಉಳಿಯುತ್ತಿತ್ತೋ ಇಲ್ಲವೋ. ಸುತ್ತಲೂ ಹುಲ್ಲುಗಾವಲು. ತಂಗಿ ಮೊದಲು ಮಾಡಿದ ಕೆಲಸವೆಂದರೆ ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತು ಮೂಸಿ ನೋಡಿದ್ದು. "ಮೇವು ಚೆನ್ನಾಗೈತೆ" ಎಂದು ಸರ್ಟಿಫಿಕೇಟ್ ಕೊಟ್ಟಳು.

ಇನ್ನು ಬೇಕ್‌ವೆಲ್‌ನ ಕಥೆ. ಹುಟ್ಟಿದ್ದು 1725ರಲ್ಲಿ, ಇದೇ ಡಿಶ್ಲಿಯಲ್ಲಿ. ಸ್ವಂತ ಜಮೀನುದಾರನಲ್ಲ, ಸುಮಾರು 440 ಎಕರೆಯ ಗೇಣಿ ರೈತ. ವಯಸ್ಸಿನಲ್ಲಿ ಇಂಗ್ಲೆಂಡಿನ ಬೇರೆ ಬೇರೆ ಭಾಗಗಳನ್ನು ಸುತ್ತಿ ಅಲ್ಲಿನವರು ದನ ಕುರಿ ಸಾಕುವ ರೀತಿಯನ್ನು ನೋಡಿ ಬಂದ. 1760ರಲ್ಲಿ ತಂದೆಯಿಂದ ಬೇಸಾಯ ಇವನ ಕೈಗೆ ಬಂತು. ಆ ಕಾಲದಲ್ಲಿ ಕುರಿ ಎಂದರೆ ಉಣ್ಣೆ ಮತ್ತು ಗೊಬ್ಬರ. ಮಾಂಸ ಏನಿದ್ದರೂ ಮುದಿಯಾದ ಮೇಲೆ. ಹೊಲಗಳಿಗೆ ಬೇಲಿ ಸರಿಯಾಗಿ ಇಲ್ಲದ ಕಡೆ ಊರಿನ ಹಿಂಡೆಲ್ಲ ಒಟ್ಟಿಗೆ ಮೇಯುತ್ತಿತ್ತು. ಯಾವ ಟಗರು ಯಾವ ಕುರಿಯನ್ನು ಕೂಡಿತು ಎಂಬುದಕ್ಕೆ ಲೆಕ್ಕವಿರಲಿಲ್ಲ. ಆದರೆ ಪಟ್ಟಣಗಳು ಬೆಳೆಯುತ್ತಿದ್ದವು, ಕಾರ್ಖಾನೆಗಳು ಏಳುತ್ತಿದ್ದವು, ಅಲ್ಲಿನ ಕೂಲಿಕಾರರಿಗೆ ಮಾಂಸ ಬೇಕಾಗಿತ್ತು. ಬೇಕ್‌ವೆಲ್ ಇದನ್ನು ಗಮನಿಸಿದ.

ಅವನು ಮಾಡಿದ್ದು ಕೇಳಲು ಬಹಳ ಸರಳ. ಟಗರುಗಳನ್ನೂ ಹೆಣ್ಣು ಕುರಿಗಳನ್ನೂ ಬೇರೆ ಬೇರೆ ಇಟ್ಟ. ತನಗೆ ಬೇಕಾದ ಗುಣ ಯಾವುದೆಂದು ಮೊದಲೇ ನಿರ್ಧರಿಸಿದ: ಸಣ್ಣ ಮೂಳೆ, ಪೀಪಾಯಿಯಂಥ ಮೈ, ಬೇಗ ಕೊಬ್ಬುವ ಸ್ವಭಾವ. ಆ ಗುಣ ಹೆಚ್ಚಾಗಿರುವ ಟಗರನ್ನು ಆ ಗುಣ ಹೆಚ್ಚಾಗಿರುವ ಕುರಿಗೇ ಬಿಟ್ಟ. ಹುಟ್ಟಿದ ಮರಿಗಳಲ್ಲಿ ಮತ್ತೆ ಆರಿಸಿದ. ಬೇಡದ್ದನ್ನು ಕಟುಕನಿಗೆ ಕಳಿಸಿದ. ಹಳೆಯ ತಳಿಗಳು ಮಾಂಸಕ್ಕೆ ಬರಲು ಮೂರು ನಾಲ್ಕು ವರ್ಷ ತೆಗೆದುಕೊಳ್ಳುತ್ತಿದ್ದಲ್ಲಿ ಅವನ ಹೊಸ ಲೆಸ್ಟರ್ ಕುರಿ ಎರಡು ವರ್ಷಕ್ಕೇ ಬರುವಂತಾಯಿತು. ಕಡಿದ ಪ್ರಾಣಿಗಳ ಮೂಳೆಗಳನ್ನೂ ಉಪ್ಪುನೀರಿನಲ್ಲಿಟ್ಟ ಮಾಂಸದ ತುಂಡುಗಳನ್ನೂ ಮನೆಯಲ್ಲಿ ಇಟ್ಟುಕೊಂಡು ಒಂದು ತಲೆಮಾರನ್ನು ಇನ್ನೊಂದರ ಜೊತೆ ಹೋಲಿಸುತ್ತಿದ್ದನಂತೆ. ನಮ್ಮ ಮೆಡಿಕಲ್ ಕಾಲೇಜಿನ ಅನಾಟಮಿ ಮ್ಯೂಸಿಯಂ ನೆನಪಾಯಿತು ನನಗೆ.

ಅವನ ಇನ್ನೊಂದು ಜಾಣತನ ಡಾಕ್ಟರಾದ ನನಗೆ ಬಹಳ ಹಿಡಿಸಿತು. ಒಳ್ಳೆಯ ಟಗರುಗಳನ್ನು ಅವನು ಮಾರುತ್ತಿರಲಿಲ್ಲ. ಒಂದೊಂದು ಋತುವಿಗೆ ಬಾಡಿಗೆಗೆ ಕೊಡುತ್ತಿದ್ದ. ಮೊದಮೊದಲು ಒಂದು ಪೌಂಡೂ ಹುಟ್ಟದ ಬಾಡಿಗೆ, 1780ರ ದಶಕದ ಕೊನೆಯ ಹೊತ್ತಿಗೆ ಹೆಸರಾದ ಟಗರಿಗೆ ನೂರಾರು ಗಿನಿಗಳಿಗೆ ಏರಿತು. ಹಣ ಒಂದು ಕಡೆ ಇರಲಿ. ಬೇರೆ ಬೇರೆ ರೈತರ ಹಿಂಡುಗಳಲ್ಲಿ, ಬೇರೆ ಬೇರೆ ಮೇವಿನಲ್ಲಿ ಆ ಟಗರಿನ ಮರಿಗಳು ಹೇಗೆ ಬೆಳೆಯುತ್ತವೆಂದು ಅವನು ನೋಡಿಕೊಂಡು ಬರುತ್ತಿದ್ದ. ಯಾವುದರ ಸಂತಾನ ಎಲ್ಲ ಕಡೆಯೂ ಚೆನ್ನಾಗಿದೆಯೋ ಆ ಟಗರನ್ನು ವಾಪಸು ತರಿಸಿ ತನ್ನ ಹಿಂಡಿಗೆ ಬಿಡುತ್ತಿದ್ದ. ಟಗರನ್ನು ನೋಡಿ ಅಲ್ಲ, ಮರಿಗಳನ್ನು ನೋಡಿ ಟಗರಿಗೆ ಬೆಲೆ ಕಟ್ಟುವುದು. ಹೊಸ ಔಷಧಿಯನ್ನು ಹತ್ತು ಆಸ್ಪತ್ರೆಗಳಲ್ಲಿ ಏಕಕಾಲಕ್ಕೆ ಪರೀಕ್ಷಿಸುವ ನಮ್ಮ ಇಂದಿನ ಪದ್ಧತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮೆಂಡೆಲ್ ತನ್ನ ಬಟಾಣಿ ಗಿಡಗಳ ಲೆಕ್ಕವನ್ನು ಪ್ರಕಟಿಸಿದ್ದು 1866ರಲ್ಲಿ. ಅಂದರೆ ಅದಕ್ಕೂ ನೂರು ವರ್ಷ ಮೊದಲೇ ಈ ಗೇಣಿ ರೈತ ಜೀನ್ ಎಂಬ ಪದವನ್ನೇ ಕೇಳದೆ ಇದನ್ನೆಲ್ಲ ಮಾಡಿದ್ದ. ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಬೇಕ್‌ವೆಲ್‌ನ ಹೆಸರೆತ್ತುತ್ತಾನೆ. ಮನುಷ್ಯ ಕೆಲವೇ ವರ್ಷಗಳಲ್ಲಿ ಆರಿಸಿ ಆರಿಸಿ ಇಷ್ಟು ಬದಲಾವಣೆ ತರಬಹುದಾದರೆ ಪ್ರಕೃತಿ ಲಕ್ಷಾಂತರ ವರ್ಷಗಳಲ್ಲಿ ಏನು ಮಾಡಲಾರದು ಎಂಬುದು ಡಾರ್ವಿನ್ನನ ವಾದದ ಒಂದು ಮುಖ್ಯ ಎಳೆ.

ಇದನ್ನೆಲ್ಲ ನಾನು ಕನ್ನಡದಲ್ಲಿ ವಿವರಿಸುತ್ತಿದ್ದರೆ ತಂಗಿ ತಲೆಯಾಡಿಸಿ ಕೇಳುತ್ತಿದ್ದಳು. ಬೇಕ್‌ವೆಲ್ ದನಗಳಿಗೆ ಹೊಡೆಯಗೊಡುತ್ತಿರಲಿಲ್ಲ, ಅವನ ದೈತ್ಯ ಹೋರಿಗಳನ್ನು ಒಬ್ಬ ಹುಡುಗ ಸಣ್ಣ ಕಡ್ಡಿ ಹಿಡಿದು ಅಟ್ಟಿಕೊಂಡು ಹೋಗುತ್ತಿದ್ದ ಎಂದು ಆರ್ಥರ್ ಯಂಗ್ ಎಂಬ ಪ್ರವಾಸಿ 1771ರಲ್ಲಿ ಬರೆದಿದ್ದಾನೆ ಎಂದಾಗ ಅವಳ ಮುಖ ಅರಳಿತು. "ಹಂಗಾದ್ರೆ ಒಳ್ಳೆ ಮನುಷ್ಯ ಬಿಡು" ಎಂದಳು. ದೂರದೂರದಿಂದ ನೋಡಲು ಬಂದವರಿಗೆಲ್ಲ ಊಟ ಹಾಕಿ, ಮದುವೆಯನ್ನೂ ಮಾಡಿಕೊಳ್ಳದೆ, 1776ರಲ್ಲಿ ಒಮ್ಮೆ ದಿವಾಳಿಯೂ ಆಗಿ, ಮತ್ತೆ ಎದ್ದು ನಿಂತು 1795ರಲ್ಲಿ ತೀರಿಕೊಂಡ ಎಂದೆ. "ಮದ್ವೆ ಆಗ್ಲಿಲ್ವಾ? ಊರ ಕುರಿಗೆಲ್ಲ ಸಂಬಂಧ ನೋಡಿ ತನಗೆ ನೋಡ್ಕೊಳ್ಳೋಕೆ ಪುರಸೊತ್ತು ಸಿಗ್ಲಿಲ್ಲ ಅನ್ಸುತ್ತೆ" ಎಂದಳು. ಸಮಾಧಿಯ ಪಕ್ಕದಲ್ಲಿ ಹಾಗೆ ನಕ್ಕಿದ್ದಕ್ಕೆ ಬೇಕ್‌ವೆಲ್ ಕ್ಷಮಿಸಲಿ.

ನಗು ಮುಗಿದ ಮೇಲೆ ಉಳಿದ ಅರ್ಧ ಕಥೆಯನ್ನು ಹೇಳುವುದೋ ಬಿಡುವುದೋ ಎಂದು ನಾನು ತಡವರಿಸಿದೆ. ಬೇಕ್‌ವೆಲ್‌ನ ವಿಧಾನದ ತಿರುಳು ಇರುವುದು ಅಲ್ಲೇ. ತನಗೆ ಬೇಕಾದ ಗುಣ ಮಂದೆಯಲ್ಲಿ ಗಟ್ಟಿಯಾಗಿ ನೆಲೆಯೂರಬೇಕೆಂದು ಅವನು ತಂದೆಗೆ ಮಗಳನ್ನು, ಅಣ್ಣನಿಗೆ ತಂಗಿಯನ್ನು ಕೂಡಿಸುತ್ತಿದ್ದ. ಒಳಗೊಳಗೇ ಬೆಳೆಸುವುದು ಎಂಬ ಅರ್ಥದ ಒಂದು ಮಾತೇ ಇಂಗ್ಲಿಷ್ ರೈತರ ಬಾಯಲ್ಲಿ ಇದಕ್ಕಿತ್ತು. ಅಕ್ಕಪಕ್ಕದವರು ಇದು ಅಧರ್ಮ ಎಂದು ಮೂಗು ಮುರಿದರೂ ಫಲ ಕಣ್ಣೆದುರಿಗಿತ್ತು. ಆದರೆ ಕೆಟ್ಟದ್ದೂ ಅದರ ಜೊತೆಗೇ ಬಂತು. ಹೊಸ ಲೆಸ್ಟರ್ ಕುರಿಗಳಿಗೆ ಮರಿಗಳು ಕಡಿಮೆ, ಹಾಲು ಕಡಿಮೆ. ಉದ್ದ ಕೊಂಬಿನ ಅವನ ದನಗಳು ಮಾಂಸ ತುಂಬಿಕೊಂಡವು, ಹಾಲು ಕಳೆದುಕೊಂಡವು. ಕೆಲವೇ ದಶಕಗಳಲ್ಲಿ ಆ ಜಾಗಕ್ಕೆ ಗಿಡ್ಡ ಕೊಂಬಿನ ಬೇರೆ ತಳಿ ಬಂತು. ಜನರ ನಾಲಿಗೆಯೂ ಬದಲಾಗಿ ಅಷ್ಟೊಂದು ಕೊಬ್ಬು ಬೇಡವಾಯಿತು. ಅಂದು ಗಿನಿಗಟ್ಟಲೆ ಬೆಲೆ ಬಾಳಿದ ತಳಿಯ ನೇರ ವಂಶವಾದ ಲೆಸ್ಟರ್ ಲಾಂಗ್‌ವುಲ್ ಕುರಿ ಇಂದು ಅಪರೂಪದ ತಳಿಗಳ ಪಟ್ಟಿಯಲ್ಲಿದೆ. ಉದ್ದ ಕೊಂಬಿನ ದನಗಳೂ ಅಳಿವಿನ ಅಂಚಿಗೆ ಹೋಗಿ, ಕೆಲವು ರೈತರ ಹಠದಿಂದ ಈಚೆಗೆ ಚೇತರಿಸಿಕೊಂಡಿವೆ.

"ನಮ್ಮ ಅಮೃತಮಹಲ್ ಥರ" ಎಂದಳು ತಂಗಿ.

ಹೌದಲ್ಲ ಎನಿಸಿತು. ಬೇಕ್‌ವೆಲ್ ಇಲ್ಲಿ ಕುರಿಗಳನ್ನು ಆರಿಸುತ್ತಿದ್ದ ಹೊತ್ತಿಗೇ ನಮ್ಮ ಶ್ರೀರಂಗಪಟ್ಟಣದಲ್ಲಿ ಹೈದರ್, ಟಿಪ್ಪು ದನಗಳನ್ನು ಆರಿಸುತ್ತಿದ್ದರು. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಅವರಿಗೆ ಬೇಕಾಗಿದ್ದುದು ಮಾಂಸವಲ್ಲ, ಹಾಲಲ್ಲ. ಫಿರಂಗಿ ಎಳೆದುಕೊಂಡು ಕುದುರೆ ದಂಡಿನ ಜೊತೆ ಹೆಜ್ಜೆ ಹಾಕುವ ಎತ್ತು. ಸಿಕ್ಕಿತು. ತೆಳ್ಳಗಿನ ಬಿಗಿ ಮೈ, ಹಿಂದಕ್ಕೆ ಬಾಗಿ ಮೇಲೇರಿದ ಚೂಪು ಕೊಂಬು, ದಣಿವರಿಯದ ಕಾಲು. ಹಾಲು ಮಾತ್ರ ಕರುವಿಗೆ ಸಾಕಾಗುವಷ್ಟು. ಅವುಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳನ್ನು ನಮ್ಮ ಕಡೆ ಇಂದಿಗೂ ಕಾವಲು ಎಂದೇ ಕರೆಯುತ್ತಾರೆ. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಆ ತಳಿಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಫಿರಂಗಿ ಹೋಯಿತು, ಟ್ರಾಕ್ಟರು ಬಂತು; ಈಗ ಅವನ್ನು ಸಾಕುವವರು ಕಡಿಮೆ. ಒಂದು ಗುಣವನ್ನು ಆರಿಸಿಕೊಳ್ಳುವಾಗ ಯಾವುದನ್ನು ಬಿಟ್ಟುಕೊಡುತ್ತಿದ್ದೇವೆ ಎನ್ನುವುದು ಆಗ ಕಾಣುವುದಿಲ್ಲ. ಅದು ಕಾಣುವುದಕ್ಕೆ ಎರಡು ಮೂರು ತಲೆಮಾರು ಬೇಕು.

ನನ್ನ ತಾಯಿಯ ತಂದೆ, ನಮ್ಮ ತಾತ, ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರ ಕೊಟ್ಟಿಗೆಯಲ್ಲಿ ಅಮೃತಮಹಲ್ ಜಾತಿಯ ಆರೇಳು ದನಗಳಿದ್ದವು. ಕೊಟ್ಟಿಗೆಯಲ್ಲಿ ಹುಟ್ಟಿದ ಕಡಸು ಬೆದೆಗೆ ಬಂದರೆ ತಾತ ಮನೆಯ ಹೋರಿಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ನಾಲ್ಕು ಮೈಲಿ ನಡೆದು ಬೇರೆ ಊರಿನ ಹೋರಿಯ ಬಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಹುಡುಗನಾಗಿದ್ದ ನಾನು ಎಷ್ಟೋ ಸಲ ಅವರ ಜೊತೆ ನಡೆದಿದ್ದೇನೆ. "ಯಾಕೆ ತಾತ ಇಷ್ಟು ದೂರ?" ಎಂದರೆ, "ಒಂದೇ ರಕ್ತ ಬೇಡ ಕಣಪ್ಪ. ಕರು ಕುಗ್ಗುತ್ತೆ" ಎನ್ನುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ, ನಾನು ಎಂಬಿಬಿಎಸ್‌ನಲ್ಲಿ ಕಲಿಯಬೇಕಾದ ಪಾಠವನ್ನು ನನ್ನ ಹತ್ತನೆಯ ವಯಸ್ಸಿಗೇ ಹೇಳಿಕೊಟ್ಟಿದ್ದರು.

ಅದೇ ತಾತ 1992ರಲ್ಲಿ ತಮ್ಮ ಕಿರಿಯ ಮಗನಿಗೆ ತಮ್ಮ ಮಗಳ ಮಗಳನ್ನು, ಅಂದರೆ ನನ್ನ ತಂಗಿಯನ್ನು, ತಂದುಕೊಂಡರು.

ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಓದುಗರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಹೀಗೆ ನಡೆದಿದೆ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹಕ್ಕು ಎನ್ನುವಷ್ಟು ಸಹಜ. ಹುಡುಗಿ ಗೊತ್ತಿಲ್ಲದ ಮನೆಗೆ ಹೋಗಿ ಕಣ್ಣೀರಿಡಬೇಕಿಲ್ಲ, ಅತ್ತೆಯೇ ಅಜ್ಜಿ. ವರದಕ್ಷಿಣೆಯ ಮಾತಿಲ್ಲ. ತೋಟ ಒಡೆಯುವುದಿಲ್ಲ. ಆ ಕಾರಣಗಳನ್ನು ನಾನು ಹಗುರವಾಗಿ ಕಾಣಲಾರೆ. ಅವು ಪ್ರೀತಿಯ ಕಾರಣಗಳೂ ಹೌದು. ನಾನಾಗ ಮೆಡಿಕಲ್ ಮೂರನೆಯ ವರ್ಷದಲ್ಲಿದ್ದೆ. ರಕ್ತಸಂಬಂಧದ ಮದುವೆಯ ಪಾಠ ಆಗಷ್ಟೇ ಮುಗಿದಿತ್ತು. ಮದುವೆಗೆ ಮೂರು ವಾರ ಮೊದಲು ಅಪ್ಪ ಜಗಲಿಯಲ್ಲಿ ಕೂತು, "ನೀನು ಡಾಕ್ಟರಿಕೆ ಓದ್ತಿದ್ದೀಯಲ್ಲ, ಏನಂತೀಯಪ್ಪ? ಮಾಡಬಹುದಾ?" ಎಂದು ಕೇಳಿದರು. ಅರ್ಧ ತಮಾಷೆ, ಅರ್ಧ ನಿಜ. ಲಗ್ನಪತ್ರಿಕೆ ಅಚ್ಚಾಗಿತ್ತು. ತಾತ ಅಲ್ಲೇ ಎಲೆಯಡಿಕೆ ಮಡಿಸುತ್ತಿದ್ದರು. ಮಾವ ನನಗೆ ಸೈಕಲ್ ಕಲಿಸಿದವನು. ನಾನು "ನಿಮ್ಮಿಷ್ಟ" ಎಂದೆ.

ಮಗಳು ಹುಟ್ಟಿದ್ದು 1994ರಲ್ಲಿ. ಮುದ್ದಾದ ಮಗು. ಒಂದೂವರೆ ವರ್ಷವಾದರೂ ಕರೆದರೆ ತಿರುಗುವುದಿಲ್ಲ ಎಂದು ಮೊದಲು ಗಮನಿಸಿದವರು ಅಜ್ಜಿ. ಹುಟ್ಟುಕಿವುಡು.

ಇಲ್ಲಿ ಸ್ವಲ್ಪ ಡಾಕ್ಟರನಾಗಿ ಮಾತಾಡುತ್ತೇನೆ, ಸಹಿಸಿಕೊಳ್ಳಿ. ನಮ್ಮ ಪ್ರತಿಯೊಂದು ಗುಣಕ್ಕೂ ಜೀನಿನ ಎರಡು ಪ್ರತಿಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಜಮೀನಿನ ಪಹಣಿಗೆ ಎರಡು ಪ್ರತಿ ಇಟ್ಟುಕೊಂಡ ಹಾಗೆ ಎನ್ನಿ. ಒಂದರಲ್ಲಿ ಗೆದ್ದಲು ಹತ್ತಿ ಅಕ್ಷರ ಅಳಿಸಿದರೂ ಇನ್ನೊಂದರಿಂದ ಕೆಲಸ ನಡೆಯುತ್ತದೆ. ಇಂಥ ಅಳಿಸಿದ ಅಕ್ಷರಗಳು ನನ್ನಲ್ಲಿವೆ, ನಿಮ್ಮಲ್ಲಿವೆ, ಎಲ್ಲರಲ್ಲೂ ಕೆಲವು ಇದ್ದೇ ಇವೆ. ಜೋಡಿ ಪ್ರತಿ ಸರಿಯಾಗಿರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಗಂಡ ಹೆಂಡತಿ ಬೇರೆ ಬೇರೆ ವಂಶದವರಾದರೆ ಇಬ್ಬರಲ್ಲೂ ಒಂದೇ ಜಾಗದಲ್ಲಿ ಅಕ್ಷರ ಅಳಿಸಿರುವ ಸಂಭವ ಕಡಿಮೆ. ಆದರೆ ಎರಡೂ ಪ್ರತಿಗಳು ತಾತನ ಒಂದೇ ಮೂಲದಿಂದ ಜೆರಾಕ್ಸ್ ಆಗಿ ಬಂದಿದ್ದರೆ? ಸೋದರಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟಿದ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿಗಳು ಹಾಗೆ ಒಂದೇ ಮೂಲದವಾಗಿರುವ ಸಂಭವ 8ರಲ್ಲಿ 1. ಅತ್ತೆ-ಮಾವಂದಿರ ಮಕ್ಕಳು ಮದುವೆಯಾದರೆ ಅವರ ಮಗುವಿನಲ್ಲಿ 16ರಲ್ಲಿ 1. ಹಾಗೆಂದು ಇಂಥ ಎಲ್ಲ ಮದುವೆಗಳಲ್ಲೂ ತೊಂದರೆಯಾಗುವುದಿಲ್ಲ. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಬ್ರಾಡ್‌ಫರ್ಡ್ ನಗರದ ಸಾವಿರಾರು ಹಸುಳೆಗಳನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹುಟ್ಟಿನಿಂದಲೇ ಬರುವ ನ್ಯೂನತೆಗಳ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ 3ರಷ್ಟಿದ್ದರೆ ಅತ್ತೆ-ಮಾವಂದಿರ, ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳ ನಡುವಿನ ಮದುವೆಗಳಲ್ಲಿ 6ರಷ್ಟು. ಅಂದರೆ 94 ಮಕ್ಕಳು ಸರಿಯಾಗಿಯೇ ಇರುತ್ತಾರೆ. ಆ ಆರರಲ್ಲಿ ಒಂದು ನಮ್ಮ ಮನೆಯದಾದಾಗ ಮಾತ್ರ ಈ ಲೆಕ್ಕ ಸಮಾಧಾನ ಕೊಡುವುದಿಲ್ಲ.

ಡಾರ್ವಿನ್ನನಿಗೂ ಇದೇ ಸಂಕಟವಿತ್ತು. ಅವನು 1839ರಲ್ಲಿ ಮದುವೆಯಾದದ್ದು ಸೋದರಮಾವನ ಮಗಳು ಎಮ್ಮಾಳನ್ನು. ಹತ್ತು ಮಕ್ಕಳಲ್ಲಿ ಮೂವರು ಎಳೆತನದಲ್ಲೇ ಹೋದರು. ತನ್ನ ಮದುವೆಯೇ ಕಾರಣವೇನೋ ಎಂಬ ಕೊರಗು ಅವನನ್ನು ಬಿಡಲಿಲ್ಲ. ಜನಗಣತಿಯಲ್ಲಿ ರಕ್ತಸಂಬಂಧದ ಮದುವೆಯ ಬಗ್ಗೆ ಒಂದು ಪ್ರಶ್ನೆ ಸೇರಿಸಿ ಎಂದು 1870ರಲ್ಲಿ ಗೆಳೆಯರ ಮೂಲಕ ಪಾರ್ಲಿಮೆಂಟಿಗೆ ಹೇಳಿಸಿ ನೋಡಿದ, ಅವರು ಒಪ್ಪಲಿಲ್ಲ. ಕೊನೆಗೆ ಗಿಡಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ಉತ್ತರ ಹುಡುಕಿದ.

ಈಗ ಡಿಶ್ಲಿಗೆ ವಾಪಸು ಬರೋಣ. ಸೊಸೆ ಅಷ್ಟು ಹೊತ್ತು ಗೋಡೆಗಳ ಫೋಟೋ ತೆಗೆಯುತ್ತಿದ್ದವಳು ಹತ್ತಿರ ಬಂದಳು. ಅವಳನ್ನು ಸೊಸೆ ಎಂದೆನಾದರೂ ಲೆಕ್ಕ ಹಾಕಿದರೆ ಅವಳು ನನ್ನ ಸೋದರಮಾವನ ಮಗಳೂ ಹೌದು. ನಮ್ಮ ಮನೆಯ ವಂಶವೃಕ್ಷ ಬರೆಯಲು ಹೋದರೆ ಕೊಂಬೆಗಳು ಗಂಟು ಬೀಳುತ್ತವೆ. ಅವಳಿಗೆ ಕಿವಿಯ ಯಂತ್ರವಿದೆ, ಆದರೂ ತುಟಿ ನೋಡಿಯೇ ಹೆಚ್ಚು ತಿಳಿದುಕೊಳ್ಳುತ್ತಾಳೆ. "ಮಾಮ, ಈ ಅಜ್ಜ ಏನು ಮಾಡಿದ? ನೀವು ಅಮ್ಮನಿಗೆ ಅಷ್ಟೊಂದು ಹೇಳ್ತಿದ್ರಿ" ಎಂದಳು.

ಅವಳ ಜೊತೆ ಮಾತಾಡುವಾಗ ಮುಖ ತಿರುಗಿಸುವಂತಿಲ್ಲ, ಗೊಣಗುವಂತಿಲ್ಲ. ಎದುರು ನಿಂತು ಒಂದೊಂದೇ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕುರಿ, ಟಗರು, ಬಾಡಿಗೆ, ಡಾರ್ವಿನ್ ಎಲ್ಲ ಹೇಳಿದೆ. ತಂದೆಗೆ ಮಗಳನ್ನು ಕೂಡಿಸುತ್ತಿದ್ದ ವಿಷಯಕ್ಕೆ ಬಂದಾಗ ನಾನು ನಿಲ್ಲಿಸಿದೆ.

ಅವಳೇ ಮುಂದುವರಿಸಿದಳು. "ಒಂದೇ ರಕ್ತ. ನನಗೆ ಗೊತ್ತು ಮಾಮ. ನನ್ನ ರಿಪೋರ್ಟ್ ಓದಿದ್ದೀನಿ. ಎರಡೂ ಕಾಪಿ ಒಂದೇ ಥರ ಇದೆ." ಮದುವೆಯ ಮಾತು ನಡೆಯುತ್ತಿದ್ದಾಗ ಅವಳು ತಾನೇ ಹೋಗಿ ಜೀನ್ ಪರೀಕ್ಷೆ ಮಾಡಿಸಿಕೊಂಡಿದ್ದಳು. ಕನೆಕ್ಸಿನ್ 26 ಎಂಬ ಜೀನಿನ ದೋಷ. ಹುಟ್ಟುಕಿವುಡಿಗೆ ಬಹಳ ಸಾಮಾನ್ಯವಾದ ಕಾರಣ. ಅವಳ ಆಫೀಸಿನ ಹುಡುಗ, ನಮಗೆ ಯಾವ ಸಂಬಂಧವೂ ಇಲ್ಲದವನು, ತಾನೂ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದ. ಅವನಲ್ಲಿ ಆ ದೋಷವಿರಲಿಲ್ಲ. ಇದು ನನಗೆ ಯಾರೂ ಹೇಳಿರಲಿಲ್ಲ. ಮನೆಯ ಡಾಕ್ಟರಿಗೆ ಹೇಳಲು ಅವರಿಗೂ ಸಂಕೋಚವಾಗಿರಬೇಕು.

ಆಗ ನಾನು 1992ರ ಜಗಲಿಯ ಮಾತನ್ನು ಇಬ್ಬರಿಗೂ ಹೇಳಿದೆ. ಅಪ್ಪ ಕೇಳಿದ್ದು, ನಾನು 'ನಿಮ್ಮಿಷ್ಟ' ಎಂದದ್ದು. ಮೂವತ್ತೆರಡು ವರ್ಷ ಯಾರಿಗೂ ಹೇಳಿರಲಿಲ್ಲ. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನೀನು ಬೇಡ ಅಂದಿದ್ರೂ ಆವಾಗ ಯಾರು ಕೇಳ್ತಿದ್ರು? ಪತ್ರಿಕೆ ಹಂಚಿಯಾಗಿತ್ತು" ಎಂದಳು. ಆಮೇಲೆ, "ಆದ್ರೆ ನನಗೆ ಹೇಳಬಹುದಿತ್ತು. ಗೊತ್ತಿದ್ದಿದ್ರೆ ಮಗೂನ ಮೊದ್ಲೇ ತೋರಿಸ್ತಿದ್ದೆ. ಒಂದೂವರೆ ವರ್ಷ ಸುಮ್ನೆ ಹೋಯ್ತು" ಎಂದಳು.

ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು. ಅವಳ ಮಾತು ಪೂರ್ತಿ ನಿಜ. ಮದುವೆ ನಿಲ್ಲಿಸುವುದು ನನ್ನ ಕೈಯಲ್ಲಿ ಇರಲಿಲ್ಲವೇನೋ. ಹುಟ್ಟಿದ ಮಗುವಿನ ಕಿವಿ ಪರೀಕ್ಷಿಸಿ ಎಂದು ಹೇಳುವುದು ನನ್ನ ಕೈಯಲ್ಲಿತ್ತು. ಅದನ್ನೂ ಹೇಳಲಿಲ್ಲ, ಹೇಳಿದರೆ ಮೊದಲಿನದನ್ನೂ ಹೇಳಬೇಕಾಗುತ್ತಿತ್ತು.

ಆ ಒಂದೂವರೆ ವರ್ಷವನ್ನು ಅವರು ಹೇಗೆ ತುಂಬಿಕೊಂಡರೆಂಬುದನ್ನೂ ಹೇಳಬೇಕು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಸೇರಿಸಿದರು. ಅಲ್ಲಿನ ಶಿಶುವಿಹಾರದಲ್ಲಿ ತಾಯಂದಿರನ್ನೂ ಮಕ್ಕಳ ಜೊತೆ ಕೂರಿಸಿ ಕಲಿಸುತ್ತಾರೆ. ತಂಗಿ ನಾಲ್ಕು ವರ್ಷ ಮೈಸೂರಿನಲ್ಲಿ ಒಂದೇ ಕೋಣೆಯ ಮನೆ ಮಾಡಿ ಮಗಳ ಜೊತೆ ಮತ್ತೆ 'ಅ ಆ ಇ ಈ' ಕಲಿತಳು. ಮಾವ ಊರಲ್ಲಿ ಒಬ್ಬನೇ ಅಡಿಗೆ ಮಾಡಿಕೊಂಡು ವಾರಕ್ಕೊಮ್ಮೆ ತೆಂಗಿನಕಾಯಿ, ರಾಗಿಹಿಟ್ಟು ಹೊತ್ತು ರೈಲಿನಲ್ಲಿ ಬರುತ್ತಿದ್ದ. ಆ ಮದುವೆ ಒಳ್ಳೆಯ ಮದುವೆ. ಹುಡುಗಿ ಬಿಕಾಂ ಮಾಡಿ ಮೈಸೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ.

ಬೇಕ್‌ವೆಲ್‌ನ ಸಮಾಧಿಯ ಮುಂದೆ ನನಗೆ ಅರ್ಥವಾದದ್ದು ಇಷ್ಟು. ಒಳಗೊಳಗೇ ಬೆಳೆಸುವ ವಿಧಾನ ಅವನ ಕೈಯಲ್ಲಿ ಗೆದ್ದಿತು, ಯಾಕೆಂದರೆ ತಪ್ಪಿ ಹುಟ್ಟಿದ ಮರಿಯನ್ನು ಅವನು ಕಟುಕನಿಗೆ ಕಳಿಸಬಹುದಿತ್ತು. ಲೆಕ್ಕಕ್ಕೆ ಬಂದದ್ದು ಉಳಿದವು ಮಾತ್ರ. ಮನೆ ಎನ್ನುವುದು ಹಾಗಲ್ಲ. ಮನೆಯಲ್ಲಿ ಹುಟ್ಟಿದವರೆಲ್ಲ ನಮ್ಮವರು, ಪ್ರತಿಯೊಬ್ಬರೂ ಲೆಕ್ಕಕ್ಕೆ ಬರುತ್ತಾರೆ. ಆದ್ದರಿಂದಲೇ ಮನುಷ್ಯರ ವಿಷಯದಲ್ಲಿ ಆರಿಸುವ ಮಾತು ಬಂದಾಗ ನಾವು ರೈತನಿಗಿಂತ ನೂರು ಪಟ್ಟು ಎಚ್ಚರವಾಗಿರಬೇಕು. ನಮ್ಮ ತಾತ ಕಡಸಿಗೆ ತೋರಿಸಿದ ಎಚ್ಚರವನ್ನು ಮೊಮ್ಮಗಳಿಗೆ ತೋರಿಸಲಿಲ್ಲ. ಪ್ರೀತಿ ಕಡಿಮೆಯಾಗಿದ್ದಕ್ಕಲ್ಲ, ಪ್ರೀತಿ ಹೆಚ್ಚಾಗಿದ್ದಕ್ಕೆ. ಗೊತ್ತಿದ್ದ ನಾನು ಬಾಯಿ ಬಿಡಲಿಲ್ಲ.

ಈ ದೇಶದಲ್ಲಿ ಸೋದರಮಾವನ ಮದುವೆಗೆ ಕಾನೂನಿನ ಒಪ್ಪಿಗೆಯಿಲ್ಲ, ಅತ್ತೆ-ಮಾವಂದಿರ ಮಕ್ಕಳ ಮದುವೆಗೆ ಇದೆ. ನಮ್ಮ ಮಕ್ಕಳು ಬಹುಮಟ್ಟಿಗೆ ತಮ್ಮ ಸಂಗಾತಿಗಳನ್ನು ತಾವೇ ಹುಡುಕಿಕೊಳ್ಳುತ್ತಿದ್ದಾರೆ. ಆದರೂ ಊರಿನಲ್ಲಿ ಈ ಪದ್ಧತಿ ನಿಂತಿಲ್ಲ, ಊರಿನಿಂದ ನಮಗೆ ಫೋನು ಬರುವುದೂ ನಿಂತಿಲ್ಲ. "ನೀವು ಡಾಕ್ಟರಲ್ವಾ, ಏನಂತೀರಿ?" ಎಂದು ಯಾರಾದರೂ ಕೇಳಿದರೆ ನಾನೀಗ 'ನಿಮ್ಮಿಷ್ಟ' ಎನ್ನುವುದಿಲ್ಲ. ಬೇರೆ ಕಡೆ ನೋಡಿ ಎಂದು ಹೇಳುತ್ತೇನೆ. ಮದುವೆ ಆಗಿಹೋಗಿದ್ದರೆ, ಮಗು ಹುಟ್ಟಿದ ತಿಂಗಳೊಳಗೆ ಕಿವಿ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಇಲ್ಲಿ ಪ್ರತಿ ಹಸುಗೂಸಿಗೂ ಅದನ್ನು ಮಾಡುತ್ತಾರೆ, ಕೆಲವೇ ನಿಮಿಷದ ಕೆಲಸ. ಬೇಗ ಗೊತ್ತಾದಷ್ಟೂ ಮಗುವಿಗೆ ಮಾತು ಬೇಗ ಬರುತ್ತದೆ. ನಿಮ್ಮನ್ನು ಕೇಳಿದರೂ ದಯವಿಟ್ಟು ಅಷ್ಟು ಹೇಳಿ. ಸ್ವಲ್ಪ ಮುಜುಗರವಾಗುತ್ತದೆ, ಅಷ್ಟೇ.

ನಾವು ಹೊರಡುವ ಹೊತ್ತಿಗೆ ಮೋಡ ಕವಿದಿತ್ತು. ಕಾರಿನಲ್ಲೇ ಕೂತು ಪುಳಿಯೋಗರೆ ತಿಂದೆವು. ದಾರಿಯಲ್ಲಿ ಒಂದು ಹಿಂಡು ಕುರಿ ಕಂಡಾಗ ತಂಗಿ ಕಾರು ನಿಲ್ಲಿಸಲು ಹೇಳಿ ಬೇಲಿಯ ಬಳಿ ನಿಂತು ಬಹಳ ಹೊತ್ತು ನೋಡಿದಳು. ಮುಖ ಕಪ್ಪು, ಮೈ ಬಿಳಿ, ಅದೆಂಥ ತಳಿಯೋ ನನಗೆ ತಿಳಿಯದು. "ಟಗರು ಯಾವುದು ಇದರಲ್ಲಿ?" ಎಂದು ಕೇಳಿದಳು. ಇಲ್ಲ, ಬೇರೆ ಇಟ್ಟಿರುತ್ತಾರೆ ಎಂದೆ.

ಸೊಸೆಯ ಮದುವೆ 2025ರ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ನಡೆಯಿತು. ನಾವೆಲ್ಲ ಹೋಗಿದ್ದೆವು. ಬೀಗರ ಕಡೆ ನಮಗೆ ಒಬ್ಬರ ಪರಿಚಯವೂ ಇರಲಿಲ್ಲ. ನಮ್ಮ ಮನೆತನದಲ್ಲಿ ಅಂಥ ಮದುವೆಯನ್ನು ನಾನು ನೋಡಿದ್ದು ಅದೇ ಮೊದಲು. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹಿರಿಯರು, "ತಮಗೆ ಹುಡುಗಿ ಏನಾಗಬೇಕು?" ಎಂದು ಕೇಳಿದರು. ಎರಡು ಉತ್ತರಗಳಲ್ಲಿ ಸುಲಭದ್ದನ್ನು ಹೇಳಿ, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡೆ.